ಹರಿವೆಯ ಮರೆಯಲ್ಲಿ ಬೀಟ್‌ರೂಟು

ನನ್ನ ತಾಯಿ ನನಗೆ ‘ನೀವು’ ಎನ್ನತೊಡಗಿ ಮೂರು ತಿಂಗಳಾಗಿತ್ತು. ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಹೊರಗೆ ಮರ್ಯಾದೆಗೇನೂ ಬರವಿರಲಿಲ್ಲ. ಮನೆಯಲ್ಲಿ ಅಷ್ಟೊಂದು ಬೇಕಿರಲಿಲ್ಲ. ಕಾರ್ಕಳದ ಹತ್ತಿರದ ಹಳ್ಳಿಯಿಂದ ಕರೆತಂದ ಮೇಲೆ ಅಮ್ಮನ ಮರೆವು ಹೆಚ್ಚಿತು. ಮೊದಲು ಬಚ್ಚಲು ಯಾವ ಕಡೆ ಎಂಬುದು ಹೋಯಿತು, ಆಮೇಲೆ ಸೊಸೆಯ ಹೆಸರು, ಕೊನೆಗೆ ನಾನು. “ಮಾಷ್ಟ್ರೇ, ನಿಮ್ಮ ಊಟ ಆಯಿತಾ?” ಎಂದು ವಿಚಾರಿಸುತ್ತಿದ್ದಳು. ಸೂರ್ಯ ಮುಳುಗುವ ಮೊದಲು ಉಣ್ಣಬೇಕು, ಗಡ್ಡೆಗೆಣಸು ಮುಟ್ಟಬಾರದು ಎಂಬ ನಮ್ಮ ಜೈನ ಮನೆತನದ ನಿಯಮಗಳನ್ನು ಮಾತ್ರ ಒಂದನ್ನೂ ಮರೆತಿರಲಿಲ್ಲ. (ನಾನೂ ಒಂದು ನಿಯಮವಾಗಿ ಹುಟ್ಟಿದ್ದರೆ ಉಳಿಯುತ್ತಿದ್ದೆನೋ ಏನೋ.)

2003ರ ಮೇ ತಿಂಗಳ ಒಂದು ಭಾನುವಾರದ ಪುರವಣಿಯಲ್ಲಿ, ತರಕಾರಿ ಹಣ್ಣುಗಳ ಬಣ್ಣ ಮಿದುಳನ್ನು ಕಾಪಾಡಬಹುದು ಎಂದಿತ್ತು. ಆ ‘ಬಹುದು’ ನನ್ನ ಕಣ್ಣಿಗೆ ಬೀಳಲಿಲ್ಲ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದು ಕಣ್ಣಿಗೆ ಬಿದ್ದರೂ ಗಣನೆಗೆ ತರಲಿಲ್ಲ. ಕುಟುಂಬದ ಮೊತ್ತಮೊದಲ ಬಿ.ಎಸ್ಸಿ. ನಾನು, ಆ ಪದವಿ ಇನ್ನು ಯಾವಾಗ ಉಪಯೋಗಕ್ಕೆ ಬರಬೇಕು? ಮರುದಿನದಿಂದ ವರ್ಣಚಿಕಿತ್ಸಾ ಮಹಾಯಾಗ ಆರಂಭವಾಯಿತು. ಬೆಳಿಗ್ಗೆ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು, ಮಧ್ಯಾಹ್ನ ಕೆಂಪು ಹರಿವೆ ಸೊಪ್ಪಿನ ಸಾರು, ಸಂಜೆ ನೇರಳೆ ಹಣ್ಣು. ತಿಂಗಳಾಗುವಾಗ ಅಮ್ಮನ ನಾಲಿಗೆಗೆ ಬಣ್ಣ ಬಂತೇ ಹೊರತು ‘ಗುಣಪಾಲ’ ಎಂಬ ನನ್ನ ಹೆಸರು ಬರಲಿಲ್ಲ.

ಲೇಖನದಲ್ಲಿ ಹೊಗಳಿದ್ದ ಇನ್ನೊಂದು ಬಣ್ಣ ಬಾಕಿ ಇತ್ತು, ಬೀಟ್‌ರೂಟಿನದು. ಅದನ್ನು ತಂದು ಇಟ್ಟ ಕೂಡಲೇ ನನ್ನ ಹೆಂಡತಿ ಪುಷ್ಪಾವತಿ ಚೂರಿ ಕೆಳಗಿಟ್ಟಳು.

“ಅತ್ತೆಗೆ ಗಡ್ಡೆ ಹಾಕುವುದಾ? ಇಲಿಗಳಿಗೆ ವ್ರತ ಇಲ್ಲ, ಇವರಿಗೆ ಉಂಟು.”

“ಅಮ್ಮನಿಗೆ ಗೊತ್ತಾಗುವುದಿಲ್ಲ.”

“ನಿಮಗೆ ಗೊತ್ತಾಗ್ತದಲ್ಲ.”

ವಾದದಲ್ಲಿ ಸೋತವನು ಅಡುಗೆಗೆ ಇಳಿದೆ. ಬೀಟ್‌ರೂಟನ್ನು ತುರಿದು ಹರಿವೆ ಸಾರಿನಲ್ಲಿ ಕರಗುವಷ್ಟು ಬೇಯಿಸಿದೆ. ಕೆಂಪಿನೊಳಗೆ ಕೆಂಪು, ಯಾರು ಹುಡುಕಬೇಕು? ಅಮ್ಮ ಮೊದಲ ತುತ್ತಿಗೇ ಒಮ್ಮೆ ನನ್ನ ಮುಖ ನೋಡಿದಳು. ಮತ್ತೆ ಸದ್ದಿಲ್ಲದೆ ಉಂಡಳು. ಹಾಗೆಯೇ ದಿನಾ ಬಡಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಪುಷ್ಪಾವತಿ ಓಡಿಬಂದು, ಅತ್ತೆಗೆ ಮೂತ್ರ ಕೆಂಪಗೆ ಹೋಗುತ್ತಿದೆ ಎಂದಳು. ರಕ್ತವೇ ಎಂದುಕೊಂಡೆ. ಹತ್ತನೆಯ ತರಗತಿಗೆ ಮೂತ್ರಪಿಂಡದ ಪಾಠ ಮಾಡುವವನು ಬರಿಗಾಲಲ್ಲೇ ರಿಕ್ಷಾ ತರಲು ಓಡಿದೆ. ಮೂವರೂ ರಿಕ್ಷಾ ಹತ್ತಿ ಡುಲ್ಸಿನ್ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಅವರು ಅಮ್ಮನನ್ನು ಪರೀಕ್ಷಿಸಿ, ಬೀಟ್‌ರೂಟು ಏನಾದರೂ ತಿಂದಿದ್ದರಾ ಎಂದು ಕೇಳಿದರು.

“ನಾವು ಜೈನರು ಡಾಕ್ಟ್ರೇ, ಗಡ್ಡೆ ತಿನ್ನುವುದಿಲ್ಲ,” ಎಂದೆ. (ಅಮ್ಮನ ಎದುರು ಬೇರೆ ಎಂತ ಹೇಳಲಿ?) ಪುಷ್ಪಾವತಿ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದಳು.

“ಉಂಟು,” ಎಂದಳು ಅಮ್ಮ. “ಆ ಸಾರಿನಲ್ಲಿ ಗಡ್ಡೆ ಉಂಟು. ಮಣ್ಣಿನ ವಾಸನೆ ಬರ್ತದೆ.”

ಡಾಕ್ಟರು ನಕ್ಕು, ಹಾಗಾದರೆ ಅದು ರಕ್ತವಲ್ಲ, ಬರೀ ಬಣ್ಣ, ಹೆದರಬೇಡಿ ಎಂದರು. ಗೊತ್ತಿದ್ದೂ ಯಾಕೆ ತಿಂದಿರಿ ಎಂದು ಅಮ್ಮನನ್ನು ಕೇಳಿದರು.

“ಎಂತ ಮಾಡುವುದು? ಈ ಮಾಷ್ಟ್ರು ಪಾಪದವರು. ತಾವೇ ಬೇಯಿಸಿ ಬಡಿಸ್ತಾರೆ. ಇನ್ನೊಬ್ಬರ ಮನೆಯಲ್ಲಿ ಇದ್ದುಕೊಂಡು ಬೇಡ ಅನ್ನಲಿಕ್ಕೆ ಆಗ್ತದಾ?”

ಮತ್ತೆ ನನ್ನತ್ತ ಬಾಗಿ ದನಿ ತಗ್ಗಿಸಿದಳು.

“ನನ್ನ ಮಗ ಗುಣಪಾಲ ಬಂದರೆ ಇದನ್ನು ಹೇಳಬೇಡಿ, ಮಾಷ್ಟ್ರೇ. ಅಮ್ಮನ ವ್ರತ ಮುರಿಯಿತು ಅಂತ ಗೊತ್ತಾದರೆ ಅವ ತುಂಬಾ ಬೇಸರ ಮಾಡ್ತಾನೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.