ಒಂದು ದವಡೆ ಹಲ್ಲು, ಎರಡು ಮನೆ ಮೊಮ್ಮಕ್ಕಳು

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನೆಂದರೆ ನಮ್ಮ ಹಾಸನದ ಕಡೆ ಅರ್ಧ ಡಾಕ್ಟರು, ಕಾಲು ಜೋಯಿಸರು. ಉಳಿದ ಕಾಲು ಭಾಗ ಮಾತ್ರ ಮೇಷ್ಟ್ರು. ಹೊಳೆನರಸೀಪುರದಲ್ಲಿ ನಾನು ಮಾಡುತ್ತಿದ್ದದ್ದು ಈ ಕೆಲಸವೇ. ಹಸು ಗಬ್ಬ ನಿಲ್ಲದಿದ್ದರೂ ಜನ ನನ್ನ ಹತ್ತಿರ ಬರುತ್ತಿದ್ದರು, ಮೊಮ್ಮಗನ ಮೂಗು ಯಾರ ಕಡೆಯದೆಂದು ತೀರ್ಮಾನವಾಗದಿದ್ದರೂ ಬರುತ್ತಿದ್ದರು. ಎರಡು ಸಾವಿರನೇ ಇಸವಿಯ ಆಚೀಚೆ ಟಿವಿ, ಪೇಪರಿನಲ್ಲೆಲ್ಲ ಡಿಎನ್‌ಎ ಡಿಎನ್‌ಎ ಅಂತ ಶುರುವಾಯಿತು ನೋಡಿ, ನನಗೆ ಭಾನುವಾರವೆಂಬುದೇ ಇಲ್ಲದಂತಾಯಿತು.

ಪಾಳೇಗಾರರ ಕತ್ತಿ

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಬಂದರು. ತಮ್ಮದು ಪಾಳೇಗಾರರ ವಂಶ, ಅದಕ್ಕೊಂದು ಡಿಎನ್‌ಎ ಸರ್ಟಿಫಿಕೇಟು ಬೇಕು, ಕಟ್ಟು ಹಾಕಿಸಿ ಮಂಡಿಯಲ್ಲಿ ತೂಗುಹಾಕಬೇಕು ಎಂದರು.

"ಆ ಪಾಳೇಗಾರರದ್ದು ಮೂಳೆಯೋ ಹಲ್ಲೋ ಏನಾದರೂ ಉಳಿದಿದೆಯಾ?" ಎಂದೆ.

"ಅವೆಲ್ಲ ಇಲ್ಲ ಸಾ. ಅವ್ರ ಕತ್ತಿ ಐತೆ." ಟವೆಲ್ಲು ಬಿಚ್ಚಿ ತೋರಿಸಿದರು. ಹಿಡಿಯ ಹತ್ತಿರ ಒಂದು ಕಂದು ಕಲೆ. "ನೋಡಿ, ರಕ್ತ. ಟೆಸ್ಟ್ ಮಾಡ್ಸಿ, ನನ್ನ ರಕ್ತಕ್ಕೆ ತಾಳೆ ಆಯ್ತದೆ."

ನನಗೇನೋ ಅದು ತುಕ್ಕು ಎಂದೇ ಅನ್ನಿಸಿತು. ಆದರೂ ಕೇಳಿದೆ: "ಯಜಮಾನ್ರೇ, ಕತ್ತಿ ಮೇಲೆ ಇರೋದು ಕಡಿದವರ ರಕ್ತವಾ, ಕಡಿಸಿಕೊಂಡವರದ್ದಾ?"

ಅವರು ಕತ್ತಿಗೆ ಮತ್ತೆ ಟವೆಲ್ಲು ಸುತ್ತಿ, "ತಾಳೆ ಆಗ್ಬುಟ್ರೆ ಕಷ್ಟ ಸಾ," ಎಂದು ಎದ್ದೇ ಹೋದರು.

ಹಾಸನದ ಸೆಟ್ಟು

ಅರಕಲಗೂಡಿನ ಕಡೆ ಒಂದು ಹಳ್ಳಿಯಲ್ಲಿ ಗೊಬ್ಬರದ ಗುಂಡಿ ತೋಡುವಾಗ ಚಪ್ಪಡಿ ಕಲ್ಲಿನ ಗೂಡೊಂದು ಸಿಕ್ಕಿತು. ಒಳಗೆ ಮಡಕೆ ಚೂರು, ಪುಡಿಯಾದ ಮೂಳೆ, ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ದವಡೆ ಹಲ್ಲು. ತಿಳಿದವರು ನೋಡಿ, ಎರಡು ಮೂರು ಸಾವಿರ ವರ್ಷದ ಸಮಾಧಿ ಇರಬೇಕು ಎಂದರು. ಆ ಊರಲ್ಲಿ ಮೇಲಿನ ಮನೆ, ಕೆಳಗಿನ ಮನೆ ಎಂದು ಗೌಡರ ಮನೆಗಳು ಎರಡು. ಊರು ಕಟ್ಟಿದ್ದು ತಮ್ಮ ಹಿರಿಯರೇ ಎಂದು ಎರಡು ಮನೆಯವರೂ ತಲೆತಲಾಂತರದಿಂದ ಕಿತ್ತಾಡುತ್ತಿದ್ದರು. ಹಲ್ಲು ಸಿಕ್ಕಿದ್ದೇ ತಡ, ಇಬ್ಬರೂ ಅದು ನಮ್ಮ ತಾತನದು ಎಂದರು.

ನನ್ನನ್ನು ಕರೆಸಿದರು. ಮೇಲಿನ ಮನೆ ಗೌಡರು ಬಾಯಿ ಅಗಲಿಸಿ ತಮ್ಮ ದವಡೆ ತೋರಿಸಿ, "ಅದೇ ಆಕಾರ ಅಲ್ವಾ ಸಾ?" ಎಂದರು. ಕೆಳಗಿನ ಮನೆ ಗೌಡರು ಸುಮ್ಮನಿರುತ್ತಾರೆಯೇ? ಎರಡೂ ಸಾಲು ಹಲ್ಲು ಬಾಯಿಂದ ಕಳಚಿ ನನ್ನ ಅಂಗೈ ಮೇಲೇ ಇಟ್ಟರು.

"ಗೌಡ್ರೇ, ಇದು ಕಟ್ಟಿಸಿದ ಹಲ್ಲು!"

ಬೊಚ್ಚು ಬಾಯಲ್ಲೇ ಉತ್ತರ ಬಂತು: "ಆಸನದಲ್ಲಿ ಕಟ್ಸಿದ್ದು, ಒಪ್ಕತೀನಿ. ಆದ್ರೆ ಡಾಕ್ಟ್ರು ಅಳ್ತೆ ತಗಂಡಿದ್ದು ನಮ್ಮ ವಂಸದ ಬಾಯಿಂದ್ಲೇ ಕಣ್ ಸಾ!"

ದೊಡ್ಡ ಸೀಸೆ

ದೂರದ ಊರಿನ ಲ್ಯಾಬೊಂದರಲ್ಲಿ ನನ್ನ ಸಹಪಾಠಿಯೊಬ್ಬ ಇದ್ದ. ಬೂತಿನಿಂದ ಫೋನು ಮಾಡಿದೆ. ನಮ್ಮ ಸೆಕೆಗೂ ಮಳೆಗೂ ಅಷ್ಟು ಹಳೆಯ ಡಿಎನ್‌ಎ ಉಳಿದಿರುವುದು ಅನುಮಾನ, ಆದರೂ ಕಳಿಸು ಎಂದ. ಹಲ್ಲು ಮುಟ್ಟಿದವರ ಡಿಎನ್‌ಎ ಅದಕ್ಕೆ ಅಂಟಿಕೊಂಡಿರುತ್ತದಂತೆ. ಅದನ್ನು ಬೇರ್ಪಡಿಸಲು ಮುಟ್ಟಿದವರೆಲ್ಲರ ಉಗುಳೂ ಬೇಕಂತೆ.

ಊರಲ್ಲಿ ಹನ್ನೊಂದು ಜನ ಮುಟ್ಟಿದ್ದರು. ಮೇಲಿನ ಮನೆ ಗೌಡರು, "ಮೇಷ್ಟ್ರ ಎದ್ರಿಗೆ ಉಗಿಯಾದಾ? ಮಾನಸ್ಥರು ಸಾ ನಾವು," ಎಂದು ಗೋಡೆ ಹಿಂದಕ್ಕೆ ಹೋಗಿ ಸೀಸೆ ತುಂಬಿಸಿ ತಂದರು. ಕೆಳಗಿನ ಮನೆ ಗೌಡರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಅವ್ರುದು ಎಷ್ಟ್ ಬಂತು ಸಾ?"

"ಸೀಸೆ ತುಂಬ."

"ಅಂಗಾದ್ರೆ ನಂಗೆ ದೊಡ್ಡ ಸೀಸೆ ಕೊಡಿ."

ವೀಳ್ಯಶಾಸ್ತ್ರ

ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಕೆಳಗಿನ ಮನೆಯ ಹುಡುಗಿಗೂ ಮೇಲಿನ ಮನೆಯ ಹುಡುಗನಿಗೂ ಮನಸ್ಸು ಕೂಡಿದ್ದು ಬಯಲಿಗೆ ಬಂತು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಕಟ್ಟಾಯದ ಕಡೆ ಶಾಲೆಯಲ್ಲಿ ಟೀಚರು. ಜಾತಿ ಒಂದೇ, ಕುಲ ಬೇರೆ ಬೇರೆ, ಅಡ್ಡಿಯಿಲ್ಲ ಎಂದು ಹಿರಿಯರು ಹೇಗೋ ಒಪ್ಪಿದರು. ವೀಳ್ಯಶಾಸ್ತ್ರಕ್ಕೆ ನನ್ನನ್ನೂ ಕರೆದರು. ಇನ್ನೇನು ತಟ್ಟೆ ಬದಲಾಗಬೇಕು, ಹುಡುಗಿಯ ಅಜ್ಜಿ ಕೇಳಿದರು:

"ಅಲ್ಲಾ ಕಣ್ರಪ್ಪಾ, ಆ ಹಲ್ಲಿನೋನು ಎರಡು ಮನೆಗೂ ತಾತ ಅಂತೀರಿ. ಒಬ್ನೇ ತಾತ ಆದ್ಮೇಲೆ ಇವ್ರಿಬ್ರೂ ಅಣ್ಣ ತಂಗಿ ಆಗಾಕಿಲ್ವಾ?"

ತಟ್ಟೆ ಹಿಡಿದ ಕೈಗಳು ಅಲ್ಲಲ್ಲೇ ನಿಂತವು. ತಾತನನ್ನು ಬಿಟ್ಟುಕೊಡಲು ಇಬ್ಬರು ಗೌಡರೂ ತಯಾರಿಲ್ಲ. ಸಮಾಧಾನ ಮಾಡೋಣವೆಂದು ನಾನು ಬಾಯಿ ಹಾಕಿದೆ, ಅದೇ ತಪ್ಪಾಯಿತು. "ಅಷ್ಟು ಹಿಂದಿನವನ ಸಂತಾನ ಇವತ್ತಿಗೂ ಉಳಿದಿದ್ದರೆ ಅವನು ಬರೀ ಎರಡು ಮನೆಗಲ್ಲ, ಇಡೀ ಊರಿಗೇ ತಾತ ಆಗಿರ್ತಾನೆ," ಎಂದೆ.

ಊರವರೆಲ್ಲ ತಮ್ಮ ತಮ್ಮ ಹೆಂಡಿರ ಮುಖ ನೋಡಿದರು. ಹಿಂದಿನಿಂದ ಹೆಂಗಸೊಬ್ಬಳ ದನಿ: "ನಾನು ಆವತ್ತೇ ಅಂದೆ, ಇವ್ನು ಗಂಡನ್ ತರ ಬೈಯಾಕಿಲ್ಲ, ಅಣ್ಣನ್ ತರ ಬೈತಾನೆ ಅಂತ!"

ಶಾಸ್ತ್ರ ನಿಂತುಹೋಯಿತು. ಮರುದಿನ ಹುಡುಗಿ ನಮ್ಮ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. "ಸಾರ್, ಒಂದು ಹಲ್ಲಿಗೆ ನನ್ನ ಮದುವೆ ಮುರಿದುಬಿತ್ತು," ಎಂದಳು. ನನಗೆ ಅನ್ನ ಸೇರಲಿಲ್ಲ.

ಮೇಷ್ಟ್ರ ತಾತ

ಕೊನೆಗೂ ಕಾಗದ ಬಂತು. ಹಲ್ಲಿನಲ್ಲಿ ಹಳೆಯ ಡಿಎನ್‌ಎ ಚೂರೂ ಉಳಿದಿಲ್ಲ. ಸಿಕ್ಕಿದ್ದು ಈಗಿನ ಮನುಷ್ಯನೊಬ್ಬನದು, ಹನ್ನೊಂದು ಜನರಲ್ಲಿ ಯಾರಿಗೂ ಹೊಂದುವುದಿಲ್ಲ. ಕೆಳಗೆ ಗೆಳೆಯ ಬರೆದಿದ್ದ: "ನಿನ್ನ ಉಗುಳು ಎಲ್ಲಿ?" ಅಯ್ಯೋ ದೇವರೇ! ಲ್ಯಾಬಿಗೆ ಕಳಿಸುವ ಮೊದಲು ಆ ಹಲ್ಲನ್ನು ಬಾಯಿಂದ ಊದಿ, ಕರ್ಚೀಫಿನಲ್ಲಿ ಒರೆಸಿ, ಕಾಲೇಜಿನಲ್ಲಿ ಮೂರು ಸೆಕ್ಷನ್ನಿನ ಹುಡುಗರಿಗೆ ತೋರಿಸಿದವನು ನಾನೇ. ನನ್ನ ಉಗುಳು ಕಳಿಸಿದೆ. ಸರಿಯಾಗಿ ತಾಳೆಯಾಯಿತು.

ಎರಡು ಮನೆಯವರನ್ನೂ ಕೂರಿಸಿಕೊಂಡು ಕಾಗದ ಓದಿದೆ. ಮೇಲಿನ ಮನೆ ಗೌಡರು ಎದ್ದು ನಿಂತರು. "ಅಂಗಾದ್ರೆ ಅವ್ನು ನಮ್ಮಿಬ್ರ ತಾತನೂ ಅಲ್ಲ. ಮೇಷ್ಟ್ರ ತಾತ!"

"ಹಾಗಲ್ಲ ಗೌಡ್ರೇ, ಅದು ನಾನು ಊದಿದ್ದಕ್ಕೆ..."

"ಬುಡಿ ಸಾ, ನಾಚ್ಕಬೇಡಿ," ಎಂದರು ಕೆಳಗಿನ ಮನೆಯವರು. ತಮಗೆ ಸಿಗದಿದ್ದರೂ ಮೇಲಿನ ಮನೆಗೂ ಸಿಗಲಿಲ್ಲವಲ್ಲ, ಅವರ ಮುಖದಲ್ಲಿ ಹಬ್ಬ. ನಾನು ಇನ್ನೊಮ್ಮೆ ಬಾಯಿ ತೆರೆದೆ. ಬಾಗಿಲ ಹಿಂದೆ ಆ ಹುಡುಗಿ ಬೇಡ ಸಾರ್ ಎಂಬಂತೆ ಕೈ ಮುಗಿದು ನಿಂತಿದ್ದಳು. ಬಾಯಿ ಮುಚ್ಚಿಕೊಂಡೆ. ಮುಂದಿನ ತಿಂಗಳೇ ಮದುವೆಯಾಯಿತು. ಊಟ ಬಲು ರುಚಿಯಾಗಿತ್ತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಇಬ್ಬರು ಗೌಡರೂ ಜೊತೆಯಾಗಿ ನಮ್ಮ ಮನೆಗೆ ಬಂದರು. ನಮ್ಮದು ದೇವಸ್ಥಾನದ ಅರ್ಚಕರ ಮನೆತನ. ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ನನ್ನ ಅಮ್ಮನೇ ಬಾಗಿಲು ತೆಗೆದಳು.

"ನಿಮ್ಮನೆ ಇರೀಕ ನಮ್ಮೂರಲ್ಲಿ ಇಷ್ಟು ವರ್ಸ ಉಪಾಸ ಮಲಗವ್ನೆ ಕಣವ್ವಾ," ಎಂದರು ಮೇಲಿನ ಮನೆ ಗೌಡರು. "ಅಮಾಸೆಗೆ ಮೇಷ್ಟ್ರು ಬಂದು ಎಡೆ ಇಕ್ಬೇಕು. ಮುದ್ದೆ, ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ, ಎಲ್ಲಾ ನಾವೇ ತತ್ತೀವಿ. ಲ್ಯಾಬ್ನಲ್ಲೇ ಬರ್ದುಕೊಟ್ಟವ್ರೆ, ನಿಮ್ಮ ವಂಸವೇಯ."

ನಾನು ಕಾಗದ ತಂದು, ಊದಿದ್ದು, ಒರೆಸಿದ್ದು, ಸೆಕೆ, ಮಳೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮ ಒಂದನ್ನೂ ಬಿಡದೆ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಅಂದಳು:

"ನಿಮ್ಮಪ್ಪನ ಕಡೆಯೋನೇ ಇರಬೇಕು ಕಣೋ. ನಮ್ಮ ತೌರುಮನೇಲಿ ಕೋಳಿ ತಿನ್ನೋರು ಯಾರೂ ಇರಲಿಲ್ಲ."