ಎರಡನೇ ಕ್ಲಾಸಿನ ಮದುವೆ

ಮಚ್ಚೇಂದ್ರ ಮಾಸ್ತರ ಹುಮನಾಬಾದಿನ ತರಬೇತಿಗೆ ಹೋಗಿ ಬಂದದ್ದೇ ಎಲ್ಲದಕ್ಕೂ ಮೂಲ. ಅಲ್ಲಿಯ ತನಕ ಅವನು ಎಲ್ಲರಂಥ ಮಾಸ್ತರನೇ ಆಗಿದ್ದ. ಮಗ್ಗಿ ಹೇಳಿಸುತ್ತಿದ್ದ, ಕಾಪಿ ಬರೆಸುತ್ತಿದ್ದ, ಮಧ್ಯಾಹ್ನ ಸ್ವಲ್ಪ ತೂಕಡಿಸುತ್ತಿದ್ದ. ಮಕ್ಕಳಿಂದ ಅವನಿಗೆ ತೊಂದರೆ ಇರಲಿಲ್ಲ, ಅವನಿಂದ ಮಕ್ಕಳಿಗೂ ಇರಲಿಲ್ಲ. ತರಬೇತಿಯಲ್ಲಿ ದೊಡ್ಡ ಸಾಹೇಬರೊಬ್ಬರು ಕುರ್ಚಿಯಿಂದ ಏಳದೆ, ಮಕ್ಕಳು ಕೂತು ಕಲಿಯಬಾರದು, ಕೈಯಾರೆ ಮಾಡಿ ಕಲಿಯಬೇಕು ಎಂದು ದಿನವಿಡೀ ಹೇಳಿದರು. ಯಾವುದಾದರೂ ಒಂದು ವಿಷಯ ಹಿಡಿದು ಅದರಲ್ಲೇ ಲೆಕ್ಕ, ಭಾಷೆ, ಕಸುಬು ಎಲ್ಲ ಬರಿಸಬೇಕಂತೆ. ಉದಾಹರಣೆಗೆ ಗೊಂಬೆ ಮದುವೆ. ಅಡಿಕೆ ಎಣಿಸಿದರೆ ಲೆಕ್ಕ, ಲಗ್ನಪತ್ರಿಕೆ ಬರೆದರೆ ಭಾಷೆ, ಮಣ್ಣು ಕಲಸಿದರೆ ಕಸುಬು. ಮಾಸ್ತರರೆಲ್ಲ ಇದನ್ನು ಕೂತೇ ಕಲಿತು, ಚಹಾ ಕುಡಿದು, ಊರಿಗೆ ಮರಳಿದರು.

ಮದುವೆ ಎಂಬ ಮಾತು ಕಿವಿಗೆ ಬಿದ್ದಾಗ ಮಾತ್ರ ಮಚ್ಚೇಂದ್ರನಿಗೆ ಎಚ್ಚರವಾಗಿತ್ತು. ಅವನದೇ ಮದುವೆಯ ಮಾತು ಆಗ ನಡೆದಿತ್ತು. ಹುಡುಗಿ ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರ ಮಗಳು. ಫೋಟೋ ನೋಡಿ ಇವನು ಒಪ್ಪಿಯಾಗಿತ್ತು. ಮುನೀಮರನ್ನು ಇನ್ನೂ ಕಂಡಿರಲಿಲ್ಲ, ಮಾತುಕತೆಯೆಲ್ಲ ಸೋದರಮಾವ ಬಂಡೆಪ್ಪನದು. ಎಲ್ಲವೂ ಕೂಡಿಬಂದು ಒಂದು ಸೈಕಲ್ಲಿನ ಮೇಲೆ ನಿಂತಿತ್ತು. ಹಸಿರು ಬಣ್ಣದ್ದು, ಮುಂದೆ ಡೈನಮೋ ದೀಪ ಇರುವಂಥದ್ದು ಬೇಕೆಂದು ಮಚ್ಚೇಂದ್ರ ಹೇಳಿಕಳಿಸಿದ್ದ. ಅದನ್ನು ಬಿಟ್ಟು ಇನ್ನೇನೂ ಬೇಡ ಎಂದು ದೊಡ್ಡ ಮನಸ್ಸೂ ಮಾಡಿದ್ದ. ಮುನೀಮರು ವಿಚಾರ ಮಾಡಿ ಹೇಳುತ್ತೇನೆಂದವರು ಇನ್ನೂ ವಿಚಾರ ಮಾಡುತ್ತಲೇ ಇದ್ದರು.

ಅವರಿಗೆ ವಿಚಾರ ಮಾಡುವುದು ಸುಲಭ, ನಡೆಯುವವನು ಇವನು. ಬಸವಕಲ್ಯಾಣದ ತನ್ನ ಖೋಲಿಯಿಂದ ನಾರಾಯಣಪುರ ದಾಟಿ ಆಚೆಯ ಹಳ್ಳಿಯ ಶಾಲೆಗೆ ದಿನಾ ನಡೆದೇ ಹೋಗಬೇಕು, ನಡೆದೇ ಬರಬೇಕು. ದಾರಿಯುದ್ದಕ್ಕೂ ಆ ಸೈಕಲ್ಲಿನದೇ ಧ್ಯಾನ. ಎದುರಿಗೆ ಎತ್ತಿನ ಗಾಡಿ ಬಂದಾಗ ಬಾಯಿಂದಲೇ ಗಂಟೆ ಬಾರಿಸಿ, ಗಾಡಿಯವನು ಕೆಕ್ಕರಿಸಿ ನೋಡಿದ ಮೇಲೆ ನಾಚಿಕೊಂಡದ್ದೂ ಉಂಟು.

ಹೀಗಿರುವಾಗ ಹೆಡ್‌ಮಾಸ್ತರ ಗುಲಾಮ್ ರಸೂಲ್ ಸಾಹೇಬರು ಅವನನ್ನು ಕರೆದರು.

"ಹೊಸಾ ಇನ್‌ಸ್ಪೆಕ್ಟರ್ ಸಾಹೇಬ್ರು ಗುರುವಾರ ಬರಾಕತ್ತಾರ. ಟ್ರೇನಿಂಗಿನ್ಯಾಗ ಕಲ್ತದ್ದು ಮಾಡಿ ತೋರಸ್ಬೇಕಂತ. ನಿಮ್ದೇ ಕ್ಲಾಸು, ನಿಮ್ದೇ ಮದುವಿ. ನನ್ನ ನಡುವ ಎಳೀಬ್ಯಾಡ್ರಿ. ನಂದು ಮದುವಿ ಆಗಿ ತೀಸ್ ಸಾಲ್, ಮೂವತ್ತು ವರ್ಷ ಆತು, ಅದರ ಜಗಳಾನೇ ಇನ್ನೂ ಮುಗದಿಲ್ಲ."

ಮಚ್ಚೇಂದ್ರ ಎರಡನೇ ಕ್ಲಾಸಿನ ಮಕ್ಕಳಿಗೆ, ಮನೆಯಲ್ಲಿ ಮಣ್ಣಿನ ಗೊಂಬೆ ಮಾಡಿಕೊಂಡು ಬನ್ನಿ, ವರನಾದರೂ ಸರಿ, ವಧುವಾದರೂ ಸರಿ ಎಂದು ಹೇಳಿದ. ಗುರುವಾರ ಬೆಳಿಗ್ಗೆ ಮೇಜಿನ ಮೇಲೆ ಗೊಂಬೆಗಳು ಸಾಲಾಗಿ ನಿಂತವು. ಎಲ್ಲವಕ್ಕೂ ರುಮಾಲು, ಎಲ್ಲವಕ್ಕೂ ಮೀಸೆ. ಇಡೀ ಕ್ಲಾಸಿಗೆ ಒಂದೇ ಒಂದು ವಧು ಇರಲಿಲ್ಲ.

"ಏನ್ರಲೇ ಇದು? ಹೆಣ್ಣು ಎಲ್ಲಿ?"

ಉತ್ತರ ಬಾಗಿಲಿಂದ ಬಂತು. ಊರಿನ ಹೆಂಗಸರೆಲ್ಲ ಆಗಲೇ ಇಳಕಲ್ ಸೀರೆಯುಟ್ಟು ಬಂದು ನಿಂತಿದ್ದರು. ಮುಂದೆ ಶೇವಂತಾಬಾಯಿ. ಮೊಮ್ಮಗ ಸಂಗಪ್ಪ ಎರಡನೇ ಕ್ಲಾಸಿನಲ್ಲಿದ್ದ ಕಾರಣ ಆಕೆ ಇಡೀ ಶಾಲೆಯ ಮೇಲೆ ಅಧಿಕಾರ ಇಟ್ಟುಕೊಂಡಿದ್ದಳು.

"ಆಟಕ್ಕಾದ್ರೂ ಹೆಣ್ಣಿನ ಕಡ್ಯಾರಾಗಿ ಮಂದಿ ಮುಂದ ಯಾರು ಬಗ್ತಾರ್ರಿ ಮಾಸ್ತರ? ಖರೇ ಮದುವ್ಯಾಗ ಬಗ್ಗಿದ್ದು ಸಾಲದೇನು? ನಾವೆಲ್ಲಾ ಗಂಡಿನ ಕಡ್ಯಾರು."

"ಎಲ್ಲಾರೂ ಗಂಡಿನ ಕಡಿ ಆದ್ರ ಮದುವಿ ಹ್ಯಾಂಗ ಆಗ್ತದ ಆಯಿ?"

"ಅದು ನಿಮ್ಮ ಪಾಠ. ನೀವೇ ನೋಡ್ಕೋರಿ. ಹೆಣ್ಣಿನ ಅಪ್ಪ ನೀವೇ ಆಗ್ರಿ."

ಸಂಗಪ್ಪನ ವರನಿಗೆ ಊರಿನ ದರ್ಜಿ ಮುನ್ನಿ ಬೀ ಕೈಯಲ್ಲಿ ಜರಿಯ ಶೇರವಾನಿ ಹೊಲಿಸಿ ತಂದಿದ್ದರು. ಅದನ್ನು ನೋಡಿ, ಅದಕ್ಕಿಂತ ಹೆಚ್ಚಾಗಿ ಶೇವಂತಾಬಾಯಿಯ ಬಾಯಿಗೆ ಹೆದರಿ, ಉಳಿದ ವರರೆಲ್ಲ ಬೀಗರ ಪಂಗಡ ಸೇರಿದರು. ಮಚ್ಚೇಂದ್ರ ಅಂಚಿನಲ್ಲಿದ್ದ ಬಡ ವರನೊಬ್ಬನನ್ನು ಎತ್ತಿಕೊಂಡು ರುಮಾಲು ಕಿತ್ತು, ಒದ್ದೆ ಬೆರಳಿನಿಂದ ಮೀಸೆ ಒರೆಸಿ, ತನ್ನ ಕರವಸ್ತ್ರವನ್ನು ಸೀರೆಯಾಗಿ ಸುತ್ತಿದ. ಮದುವೆಯಾಗದ ಮಚ್ಚೇಂದ್ರ ಹೀಗೆ ಹೆಣ್ಣು ಹೆತ್ತ ತಂದೆಯಾದ.

ಆದ ಗಳಿಗೆಯಿಂದಲೇ ಅವನಿಗೆ ಆ ಹುದ್ದೆಯ ಸುಖ ಗೊತ್ತಾಗತೊಡಗಿತು. ಬೀಗರಿಗೆ ಹಾಸಿದ ಜಮಖಾನ ಹಳೆಯದು. ಕೊಟ್ಟ ನೀರು ಬೆಚ್ಚಗಿದೆ. ಎಲೆಯಡಿಕೆಗೆ ಸುಣ್ಣ ಸಾಲದು. ಮಕ್ಕಳು ಅಡಿಕೆ ಎಣಿಸಿ ಲೆಕ್ಕ ಕಲಿಯುತ್ತಿದ್ದರೆ, ಬೀಗಿತ್ತಿಯರು ಅವನ್ನು ಬಾಯಿಗೆ ಹಾಕಿಕೊಂಡು ಕಳೆಯುವ ಲೆಕ್ಕವನ್ನೂ ಕಲಿಸುತ್ತಿದ್ದರು. ಮಚ್ಚೇಂದ್ರ ಓಡಾಡಿ ಬೆವತುಹೋದ. ಶಾಲೆಯ ಹಿಂದೆ ಬೇವಿನ ಗಿಡದಡಿ ಹುಗ್ಗಿ ಕುದಿಯುತ್ತಿತ್ತು, ಇನ್‌ಸ್ಪೆಕ್ಟರು ಮಾತ್ರ ಬಂದಿರಲಿಲ್ಲ.

"ಹೆಣ್ಣಿನ ಅಪ್ಪ ವರನ ಪಾದ ತೊಳೀಬೇಕು," ಎಂದಳು ಶೇವಂತಾಬಾಯಿ.

ಮಚ್ಚೇಂದ್ರ ತಾಟಿನಲ್ಲಿ ವರನನ್ನು ನಿಲ್ಲಿಸಿ ಭಕ್ತಿಯಿಂದ ತಂಬಿಗೆ ಬಗ್ಗಿಸಿದ. ವರ ಸುಟ್ಟ ಮಣ್ಣಿನವನಲ್ಲ, ನಿನ್ನೆ ಕಲಸಿದ ಹಸಿ ಮಣ್ಣಿನವನು. ನೀರು ಬಿದ್ದ ಹಾಗೆ ಬೆರಳು ಹೋದವು, ಹಿಮ್ಮಡಿ ಹೋಯಿತು, ಮೊಣಕಾಲ ತನಕ ಎರಡೂ ಕಾಲು ಕೆಸರಾಗಿ ತಾಟಿಗಿಳಿದವು. ಶೇರವಾನಿ ತೊಟ್ಟ ವರ ಆ ಕೆಸರಿನಲ್ಲಿ ಮೆಲ್ಲಗೆ ಕೂತುಬಿಟ್ಟ.

ಸಂಗಪ್ಪ ಹೋ ಎಂದು ಅಳತೊಡಗಿದ. ಅವನಜ್ಜಿಯ ದನಿಗೆ ಆ ಅಳುವೂ ಕೇಳದಾಯಿತು.

"ಅಯ್ಯಯ್ಯ, ತಾಳಿ ಕಟ್ಟೂಕಿಂತ ಮೊದಲೇ ನಮ್ಮ ಹುಡುಗನ್ನ ಕುಂಟ ಮಾಡಿದ್ರಲ್ರಿ! ಎಂಥಾ ಬೀಗರು ಗಂಟು ಬಿದ್ರವ್ವಾ! ಇನ್ನ ನಮ್ಮ ಹುಡುಗ ಹ್ಯಾಂಗ ನಡೀಬೇಕು? ಸೈಕಲ್ ಕೊಡ್ರಿ. ಸೈಕಲ್ ಕೊಟ್ರ ತಾಳಿ, ಇಲ್ಲಂದ್ರ ನಾವು ಎದ್ದು ಹೋಗ್ತೀವಿ."

"ಕಾಲೇ ಇಲ್ಲದಂವ ಸೈಕಲ್ ಹ್ಯಾಂಗ ಹೊಡೀತಾನ ಆಯಿ?"

"ಅದು ನಮ್ಮ ಮನೀ ವಿಚಾರ. ಕೊಡೋದು ನಿಮ್ಮ ಕೆಲಸ."

ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಕರಿ ಕೋಟು, ಕರಿ ಟೋಪಿ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಚರ್ಮದ ಚೀಲ, ಮುಖದಲ್ಲಿ ಯಾವುದನ್ನೂ ಸುಲಭಕ್ಕೆ ಮೆಚ್ಚದ ಗಾಂಭೀರ್ಯ.

"ಹುಮನಾಬಾದಿಂದ ಬಂದೀನ್ರಿ. ಎರಡನೇ ಕ್ಲಾಸಿನ ಮಾಸ್ತರನ್ನ ನೋಡಬೇಕಾಗಿತ್ತು."

ಗುಲಾಮ್ ರಸೂಲ್ ಸಾಹೇಬರು ತಮ್ಮ ಕೋಣೆಯಿಂದ ಕುರ್ಚಿ ಹಿಡಿದೇ ಓಡಿಬಂದು ಸಲಾಮು ಹೊಡೆದರು. "ಆವೋ ಸಾಬ್, ಬರ್ರಿ. ಜೀಪ್ ಎಲ್ಲಿ ನಿಂದ್ರಿಸೀರಿ?"

"ಜೀಪ್ ಎಲ್ಲೀದ್ರಿ? ಕಲ್ಯಾಣದ ತನಕ ಬಸ್ಸು, ಅಲ್ಲಿಂದ ನಡಕೊಂಡೇ ಬಂದೆ. ನಿಮ್ಮ ಕೆಲಸ ನಡೀಲಿ, ನಾ ನೋಡ್ಕೋತ ಕೂಡ್ತೀನಿ."

ನಡೆದು ಬರುವ ಇನ್‌ಸ್ಪೆಕ್ಟರು! ಇಂಥ ಪ್ರಾಮಾಣಿಕರು ಇಲಾಖೆಯಲ್ಲಿ ಇನ್ನೂ ಇದ್ದಾರೆಂದು ಮಚ್ಚೇಂದ್ರನ ಎದೆ ತುಂಬಿಬಂತು. ಇವರ ಮುಂದೆ ಪಾಠ ಕೆಟ್ಟರೆ ನೌಕರಿಗೇ ಕುತ್ತು. ಅವನಿಗೆ ಫಕ್ಕನೆ ಹೊಳೆಯಿತು: ಈ ಜಗಳವನ್ನೇ ಪಾಠ ಮಾಡಿಬಿಡಬೇಕು. ಗಂಟಲು ಸರಿಮಾಡಿಕೊಂಡು ಗ್ರಂಥಸ್ಥ ಭಾಷೆಗೆ ಏರಿದ.

"ಮಕ್ಕಳೇ, ನೋಡಿದಿರಾ? ಮದುವೆಯಲ್ಲಿ ಗಂಡಿನವರು ಸೈಕಲ್ ಕೇಳುತ್ತಿದ್ದಾರೆ. ಇದು ಸರಿಯೋ ತಪ್ಪೋ?"

ಮಕ್ಕಳು ಶೇವಂತಾಬಾಯಿಯ ಮುಖ ನೋಡಿದರು.

"ತಪ್ಪು! ಮಗಳನ್ನು ಸಾಕಿ ಸಲಹಿ ಕೊಡುವ ತಂದೆಯ ಹತ್ತಿರ ಇನ್ನೂ ಕೈ ಚಾಚುವುದು ನಾಚಿಕೆಗೇಡು. ಸೈಕಲ್ ಬೇಕಾದವನು ದುಡಿದು ಕೊಳ್ಳಲಿ. ಎಲ್ಲರೂ ಹೇಳಿ, ಗಂಡಿನವರು ಏನೂ ಕೇಳಬಾರದು!"

"ಗಂಡಿನವರು ಏನೂ ಕೇಳಬಾರದು!"

ಕುರ್ಚಿಯಲ್ಲಿದ್ದವರು ಮುಂದಕ್ಕೆ ಬಾಗಿದರು. "ವರನಿಗೆ ದೂರ ನಡಿಯೋದು ಇದ್ರ, ಮಾಸ್ತರ?"

"ನಡೀಲಿ ಸರ್! ನಡದ್ರ ಆರೋಗ್ಯಕ್ಕ ಛಲೋ."

"ವಾ! ಇನ್ನೊಮ್ಮೆ ಹೇಳಿಸ್ರಿ."

ಮಚ್ಚೇಂದ್ರ ಇನ್ನೊಮ್ಮೆ ಹೇಳಿಸಿದ. ಅವರು ಮತ್ತೂ ಒಮ್ಮೆ ಕೇಳಿದರು, ಮತ್ತೂ ಹೇಳಿಸಿದ. ಮಕ್ಕಳ ದನಿಗೆ ಗಿಡದ ಗುಬ್ಬಿಗಳು ಹಾರಿಹೋದವು. ಕೋಟು ತೊಟ್ಟ ದೊಡ್ಡವರ ಮುಂದೆ ಶೇವಂತಾಬಾಯಿಯೂ ಸೆರಗು ಸರಿಮಾಡಿಕೊಂಡು ಮೆತ್ತಗಾದಳು. ಕಾಲಿಲ್ಲದ ವರ ಒಂದು ಇಟ್ಟಿಗೆಯ ಮೇಲೆ ಕೂತು ಮೀಸೆ ಹೋದ ವಧುವಿಗೆ ತಾಳಿ ಕಟ್ಟಿದ. ಎಲ್ಲರೂ ಅಕ್ಷತೆ ಹಾಕಿ ಹುಗ್ಗಿಗೆ ಕೂತರು. ಕರಿ ಕೋಟಿನ ಅತಿಥಿಗಳು ಎರಡು ಸಲ ಬಡಿಸಿಕೊಂಡರು. ಅಂತೂ ಗೆದ್ದೆ ಎಂದುಕೊಂಡು ಮಚ್ಚೇಂದ್ರ ಅವರ ಕೈಗೆ ನೀರು ಹಾಕಿದ.

ಅವರು ಕೈ ಒರೆಸಿಕೊಂಡು ಅವನ ಬೆನ್ನು ತಟ್ಟಿದರು. "ನನ್ನ ಹೆಸರು ತುಳಜಾರಾಮ. ನಿಮ್ಮ ಮಾಮಾ ಬಂಡೆಪ್ಪ ಹೇಳಿರಬೇಕು. ಅಡತಿ ಅಂಗಡಿ ಮುನೀಮ."

ಮಚ್ಚೇಂದ್ರನ ಕೈಯ ತಂಬಿಗೆ ನೆಲಕ್ಕೆ ಬಿತ್ತು.

"ಸೈಕಲ್ ವಿಚಾರ ಖುದ್ದು ಮಾತಾಡಿ ಹೋಗಮಂತ ಬಂದಿದ್ದೆ. ಖರೇ ಹೇಳ್ತೀನಿ, ಕೊಡಾಕ ತಯಾರಾಗೇ ಬಂದಿದ್ದೆ. ಕಲ್ಯಾಣದ ಅಂಗಡ್ಯಾಗ ಒಂದು ಹಸರಂದು ನೋಡಿ, ತಗದಿಡ್ರಿ ಅಂತನೂ ಹೇಳಿ ಬಂದೀನಿ. ನೀವು ಸೈಕಲ್ ಕೇಳೀರಂತ ನಿಮ್ಮ ಮಾಮಾ ಸುಳ್ಳೇ ನಿಮ್ಮ ಹೆಸರು ಕೆಡಸ್ಯಾನ ನೋಡ್ರಿ. ಹೋಗೋವಾಗ ಅಂಗಡ್ಯಾಗ ಬ್ಯಾಡಂತ ಹೇಳಿ ಹೋಗ್ತೀನಿ. ನಿಮ್ಮಂಥಾ ಅಳಿಯ ಸಿಗಾಕ ಪುಣ್ಯ ಮಾಡಿರಬೇಕು."

"ಡೈನಮೋ ಇತ್ತೇನ್ರಿ?" ಎಂದಷ್ಟೇ ಕೇಳಿದ ಮಚ್ಚೇಂದ್ರ.

"ಇತ್ತಪ್ಪ."

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಜೀಪು ಬಂತು. ನಿಜವಾದ ಇನ್‌ಸ್ಪೆಕ್ಟರು ಇಳಿದರು, ಚುರುಕಾದ ತರುಣ. ಕೈಯೆಲ್ಲ ಹುಗ್ಗಿ ಮಾಡಿಕೊಂಡು ಕೂತಿದ್ದ ಮಕ್ಕಳನ್ನು, ಇವತ್ತು ಏನು ಕಲಿತಿರಿ ಎಂದು ಕೇಳಿದರು. ಮಕ್ಕಳು ಕಲಿತದ್ದನ್ನು ಒಂದೇ ದನಿಯಲ್ಲಿ ಒಪ್ಪಿಸಿದರು. ಇನ್‌ಸ್ಪೆಕ್ಟರ ಮುಖ ಅರಳಿತು.

"ಅದ್ಭುತ ಪಾಠ ಮಾಸ್ತರೇ! ಇದನ್ನ ತಾಲೂಕಿನ ಎಲ್ಲಾ ಶಾಲಿಗೂ ಹೋಗಿ ನೀವು ಮಾಡಿ ತೋರಿಸಬೇಕು. ನಾಳೆ ಮೋರಖಂಡಿ ಶಾಲಿಯಿಂದಲೇ ಶುರು ಮಾಡ್ರಿ."

"ನಡಕೊಂಡು ಹ್ಯಾಂಗ ಹೋಗಲಿ ಸರ್?"

"ಯಾಕ, ಸೈಕಲ್ ಇಲ್ಲೇನ್ರಿ?"

ಗುಲಾಮ್ ರಸೂಲ್ ಸಾಹೇಬರು ಸಹಾಯಕ್ಕೆ ಬಂದರು. "ಸೈಕಲ್ ಇಲ್ರಿ ಸಾಬ್. ಆದ್ರ ಮಾಸ್ತರದು ಲಗೂನೇ ಮದುವಿ ಅದ."

ಇನ್‌ಸ್ಪೆಕ್ಟರು ನಕ್ಕರು. "ಹಂಗಾದ್ರ ಚಿಂತಿ ಯಾಕ? ಮಾವನವರನ್ನ ಒಂದು ಸೈಕಲ್ ಕೇಳಿಬಿಡ್ರಿ."

ಮಚ್ಚೇಂದ್ರ ಬೇವಿನ ಗಿಡದತ್ತ ನೋಡಿದ. ಮಾವನವರು ಕಡ್ಡಿಯಿಂದ ಹಲ್ಲು ಕೆದಕುತ್ತ ನಿಂತಿದ್ದರು. ಏನಾದರಾಗಲಿ, ಕೇಳಿಯೇಬಿಡೋಣ ಎಂದು ಅವನು ಬಾಯಿ ತೆರೆದ.

ಎರಡನೇ ಕ್ಲಾಸಿನ ಮಕ್ಕಳು ಆ ವರ್ಷದಲ್ಲಿ ಮರೆಯದೆ ಕಲಿತ ಪಾಠ ಅದೊಂದೇ. ಮಾಸ್ತರ ಬಾಯಿ ತೆರೆದದ್ದೇ ತಡ, ಹುಗ್ಗಿಯ ಬಾಯಲ್ಲೇ ಎಲ್ಲರೂ ಕೂಡಿ ಕೂಗಿದರು:

"ಗಂಡಿನವರು ಏನೂ ಕೇಳಬಾರದು!"