ಮಹಾರಾಣಿ ಕ್ಷೀರೇಶ್ವರಿಯ ಲ್ಯಾಕ್ಟೋಮೀಟರ್

ನಮ್ಮ ವಂಶದ ಮೊಟ್ಟಮೊದಲ ಬಿ.ಎಸ್ಸಿ. ಪದವೀಧರನಾದ ನಾನು ವಿಜ್ಞಾನ ಕಥೆಗಳ ಖಳನಾಯಕರನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ! ಅವರೂ ಖಳರೇ? ಯಾವುದೋ ಗ್ರಹದಿಂದ ಕೋಟ್ಯಂತರ ಮೈಲಿ ಹಾರಿ ಬರುತ್ತಾರೆ. ಬಂದು ಮಾಡುವುದೇನು? ಕೆಂಪು ಕಣ್ಣು ಬಿಟ್ಟುಕೊಂಡು ‘ಹ್ಹಹ್ಹಹ್ಹಾ’ ಎಂದು ನಗುತ್ತಾರೆ. ಭೂಮಿಯನ್ನು ಯಾಕಪ್ಪಾ ಸುಡ್ತೀಯ ಎಂದರೆ ಉತ್ತರವಿಲ್ಲ. ಇಷ್ಟೇ ಆದರೆ ತಮ್ಮ ಊರಲ್ಲೇ ನಕ್ಕು ಮಲಗಬಹುದಿತ್ತು!

“ನನ್ನ ಖಳನಾಯಕಿ ಹಾಗಲ್ಲ ಕಣೇ. ಅವಳಿಗೆ ನೋವಿದೆ, ನ್ಯಾಯವಿದೆ. ಇವಳು ಹೇಳೋದೂ ಸರಿಯಲ್ವಾ ಅನ್ನಿಸಬೇಕು,” ಎಂದೆ, ಹೆಂಡತಿ ಶ್ಯಾಮಲಳಿಗೆ.

“ಮೊದಲು ಕೊಟ್ಟಿಗೆಗೆ ಶೀಟ್ ಹಾಕಿಸ್ರೀ. ನಮ್ಮಮ್ಮ ಗಬ್ಬದ ಸೀಮೆ ಹಸು ಕೊಡ್ತೀನಿ ಅಂದವಳೆ. ಅವಳ ಮನಸ್ಸು ತಿರುಗಿದ್ರೆ ಗೋವಿಂದ!”

ಅತ್ತೆ ಕದಿರಮ್ಮ ಕ್ಯಾಸಂಬಳ್ಳಿ ಕಡೆಯ ಹಳ್ಳಿಯೊಂದರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಅವರು ಲ್ಯಾಕ್ಟೋಮೀಟರ್ ಎತ್ತಿದರೆ ನೀರು ಬೆರೆಸಿದವರ ಕ್ಯಾನೂ ನಡುಗುತ್ತದೆ. ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಅತ್ತೆಯನ್ನೇ ಎತ್ತಿ ಬಾಹ್ಯಾಕಾಶಕ್ಕೆ ಹಾರಿಸಿದೆ! ಭೂಮಿಯಿಂದ ತರಿಸಿದ ಕಲಬೆರಕೆ ಹಾಲು ಕುಡಿದು ತನ್ನ ಗ್ರಹದ ಕೂಸುಗಳು ಸತ್ತ ಮೇಲೆ, ಮಹಾರಾಣಿ ಕ್ಷೀರೇಶ್ವರಿ ಕೆ.ಜಿ.ಎಫ್. ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಮೇಲೆ ನೌಕೆ ಇಳಿಸಿ ಇಡೀ ಮನುಕುಲವನ್ನು ಪರೀಕ್ಷೆಗೆ ನಿಲ್ಲಿಸುತ್ತಾಳೆ. ಎದುರಿಗೆ ನಾಯಕ ಪ್ರಚಂಡ: ಓದಿದವನು, ಕನ್ನಡಕದವನು, ಸ್ವಲ್ಪ ನನ್ನ ಹಾಗೆ!

ಒಂದು ಮಧ್ಯಾಹ್ನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ, ರಾಣಿಯ ಮಾತನ್ನು ಗಂಟಲು ಬಿರಿಯುವಂತೆ ಫೋನಿಗೆ ಹೇಳಿ ಶ್ಯಾಮಲಳಿಗೆ ಕಳಿಸಿದೆ: “ನೀರು ಬೆರೆಸಿದ ಮನುಷ್ಯರೇ, ಸತ್ತ ಕೂಸುಗಳಿಗೆ ಉತ್ತರ ಕೊಡಿ!” ಕೊನೆಗೆ ಸೇರಿಸಿದೆ: “ಥೇಟ್ ನಿಮ್ಮಮ್ಮ ಅಲ್ವೇನೇ? ಕೊನೇಲಿ ಸಾಯಿಸಿಬಿಡ್ತೀನಿ!”

ಸಂಜೆ ಮನೆಗೆ ಬಂದು ಹೇಗಿತ್ತೆಂದು ಕೇಳಿದೆ.

“ನನಗೇನೂ ಬಂದಿಲ್ವಲ್ಲ?”

ಫೋನ್ ತೆಗೆದು ನೋಡಿದೆ. ‘ಶ್ಯಾಮಲ’ ಎಂಬ ಹೆಸರಿನ ಕೆಳಗೇ ‘ಶ್ಯಾಮಲ ಅಮ್ಮ’. ಹೋಗಿದ್ದು ಅಮ್ಮನಿಗೆ! ಅಂಕಿ ಬಿಟ್ಟರೆ ಅಕ್ಷರ ಓದಲು ಬಾರದ ಅತ್ತೆ ಬಂದ ವಾಯ್ಸ್ ಮೆಸೇಜನ್ನೆಲ್ಲ ಡೈರಿಯ ಕ್ಯೂ ಮುಂದೆಯೇ ಫುಲ್ ಸೌಂಡಿನಲ್ಲಿ ಕೇಳುವವರು!

“ಅಯ್ಯೋ, ನನ್ನ ಹಸು!” ಎಂದು ಶ್ಯಾಮಲ ಹಣೆ ಚಚ್ಚಿಕೊಂಡಳು.

ಮಾರನೇ ದಿನ ಮೊದಲ ಬಸ್ಸಿಗೇ ಅತ್ತೆ ಇಳಿದರು. ಹಸು ಇರಲಿಲ್ಲ.

“ಅತ್ತೆ, ಅದು ಬರೀ ಕಥೆ...”

“ಗೊತ್ತು ಬುಡಪ್ಪಾ. ಕ್ಯೂನಾಗೆ ಎಲ್ರೂ ಕೇಳವ್ರೆ. ಕೇಳುತ್ಲೂ ಇಬ್ರು ಕ್ಯಾನ್ ಎತ್ಕೊಂಡು ವಾಪಸ್ ಒಂಟೋದ್ರು! ಒಳ್ಳೆ ಎಂಗಸು ಆ ರಾಣಿ. ಕೂಸುಗಳು ಸತ್ರೆ ಯಾವೋಳು ಸುಮ್ಕಿರ್ತಾಳೆ? ಅವಳ್ನ ಯಾಕ್ ಸಾಯಿಸ್ತೀಯಾ?”

“ಭೂಮಿ ಉಳೀಬೇಕಲ್ಲ ಅತ್ತೆ! ಹೀರೋ ಉಳಿಸ್ತಾನೆ.”

“ಎಂಗೆ?”

“ಮಾತಾಡಿ ಮಾತಾಡಿ ಅವಳನ್ನ ಮೈಮರೆಸ್ತಾನೆ. ಆಮೇಲೆ ಹಿಂದಿನಿಂದ...”

“ಥೂ! ಏನ್ ಕೆಲ್ಸ ಮಾಡ್ತಾನೆ ಅವ್ನು?”

“ಓದಿದಾನೆ.”

“ಅದ್ಸರಿ. ಕೆಲ್ಸ?”

ಶ್ಯಾಮಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

“ನೋಡಪ್ಪಾ, ರಾಣೀನ ಮುಟ್ಟಿದ್ರೆ ಸೀಮೆ ಅಸ ಇಲ್ಲ. ಆ ಬಾಯ್ಬಡುಕನ್ನ ಮೊದ್ಲು ತೆಗಿ. ಸೋಮವಾರ ಅಸ ತತ್ತೀನಿ, ಅಷ್ಟೊತ್ಗೆ ಮುಗ್ದಿರ್ಬೇಕು.”

ಓದುಗರು ಖಳನಾಯಕಿಯ ಕಡೆ ವಾಲಲಿ ಎಂದು ಬಯಸಿದ್ದು ನಾನೇ. ಇಷ್ಟೊಂದು ವಾಲುತ್ತಾರೆಂದು ಯಾರಿಗೆ ಗೊತ್ತಿತ್ತು!

ಸೋಮವಾರ ಟೆಂಪೋದಿಂದ ಹಸು ಇಳಿಯಿತು. ಅತ್ತೆ ಬಾಗಿಲಲ್ಲೇ ಹಗ್ಗ ಹಿಡಿದು ನಿಂತರು. “ಸತ್ನಾ?”

ಬರೆಯುತ್ತಿದ್ದವನು ತಲೆ ಎತ್ತಿದೆ. “ಇನ್ನೇನು ಅತ್ತೆ... ಕೊನೇ ಮಾತು ಆಡ್ತಾ ಇದಾನೆ.”

ಹಸುವಿನ ಹಣೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ ಶ್ಯಾಮಲಳಿಗೆ ತಾಳ್ಮೆ ಕೆಟ್ಟಿತು.

“ಮಾತು ಮುಗಿಸೋಷ್ಟರಲ್ಲಿ ಇದು ಇಲ್ಲೇ ಕರು ಹಾಕುತ್ತೆ. ಬೇಗ ಸಾಯ್ರೀ!”